ಹುಣಿಸೆಹಣ್ಣು ಹಾಕಿ ಬೆಳಗಿದ ಡಿಸ್ಕು

ನಮ್ಮತ್ತೆ ಪುಟ್ಟಗೌರಮ್ಮನವರ ಬಗ್ಗೆ ಹದಿನಾರು ಎಂಬ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಎರಡು ಮಾತು ಹೇಳುತ್ತಾರೆ. ಡೈರಿಗೆ ಹನಿ ನೀರು ಬೆರೆಸದೆ ಹಾಲು ಹಾಕುವವರು ಅವರು. ಟಿ.ವಿ. ಮುಂದೆ ಕೂತು ಅಂಪೈರಿಗೆ ಬಾಯಿಗೆ ಬಂದಂತೆ ಬೈಯುವವರೂ ಅವರೇ. ಮೂರನೆಯ ಮಾತನ್ನು ಸೊಸೆಯಾದ ನಾನು ಹೇಳಬೇಕು. ಇಷ್ಟು ಹಟಮಾರಿ ಹೆಂಗಸನ್ನು ನಂಜನಗೂಡು ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. ನನ್ನ ತವರು ನರಸೀಪುರ, ಆ ಕಡೆಯೂ ಕಂಡಿಲ್ಲ.

ಅಂಪೈರು ಅಂದೆನಲ್ಲ, ಅವನು ನಿಜವಾದ ಮನುಷ್ಯನಲ್ಲ, ಗೇಮಿನೊಳಗಿನವನು. ಆ ಗೇಮಿನ ಪೆಟ್ಟಿಗೆಯನ್ನು ಕೊಂಡವರು ನಮ್ಮ ಮನೆಯವರು, ರಂಗಸ್ವಾಮಿ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ ಮೈಸೂರಿನಲ್ಲಿ ಯಾರಿಂದಲೋ ಸೆಕೆಂಡ್ ಹ್ಯಾಂಡಿಗೆ ತಂದಿದ್ದರಂತೆ. ಮದುವೆಯಾದ ಮೇಲೆ ಅದು ಟಿ.ವಿ. ಸ್ಟ್ಯಾಂಡಿನ ಕೆಳಗೆ ಧೂಳು ಹೊದ್ದು ಮಲಗಿತ್ತು. ಒಂದು ದಿನ ಅತ್ತೆ ಕೊಟ್ಟಿಗೆಯಲ್ಲಿ ಸಗಣಿಯ ಮೇಲೆ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಕೂತವರು ನಮ್ಮಿಬ್ಬರ ಪ್ರಾಣ ತಿನ್ನತೊಡಗಿದರು. ಹಸುವಿಗೆ ಹಿಂಡಿ ಇಟ್ಟೆಯಾ, ಸಾರಿಗೆ ಉಪ್ಪು ಹಾಕಿದೆಯಾ, ಬಾಗಿಲಿಗೆ ನೀರು ಹಾಕಿದ್ದು ಅಷ್ಟೇನಾ. ತಡೆಯಲಾರದೆ ನಮ್ಮ ಮನೆಯವರು ಪೆಟ್ಟಿಗೆಯನ್ನು ಹೊರಗೆಳೆದು, ಒಂದು ಹಳೇ ಕ್ರಿಕೆಟ್ ಗೇಮಿನ ಸಿ.ಡಿ. ಹಾಕಿ, ರಿಮೋಟಿನಂಥ ಅದರ ಹಿಡಿಯನ್ನು ಅವರ ಕೈಗೆ ಕೊಟ್ಟರು. ಕಾಲು ಕೂಡಿಕೊಂಡಿತು, ಪ್ಲಾಸ್ಟರ್ ಹೋಯಿತು, ಹಿಡಿ ಮಾತ್ರ ಕೈ ಬಿಡಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದರೆ ಒಂದು ಮ್ಯಾಚು, ಮಧ್ಯಾಹ್ನ ಊಟವಾದರೆ ಇನ್ನೊಂದು.

ಆ ಗೇಮಿನಲ್ಲಿ ನಮ್ಮದೇ ಹೆಸರುಗಳನ್ನು ಹಾಕಿ ಟೀಮು ಕಟ್ಟಬಹುದು. ನಮ್ಮ ಮನೆಯವರು ಅದನ್ನು ಹೇಳಿಕೊಟ್ಟ ದಿನವೇ ಅತ್ತೆ ಪಟಪಟನೆ ಹತ್ತು ಹೆಸರು ಹೇಳಿ ಬರೆಸಿದರು. ಅವರ ತವರು ಬದನವಾಳು. ಮದುವೆಗೆ ಮುಂಚೆ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದರು. ಒಂದೇ ಸಾಲಿನಲ್ಲಿ ಹನ್ನೊಂದು ರಾಟೆ, ಹನ್ನೊಂದು ಹುಡುಗಿಯರು. ಕೇರಿ ಬೇರೆ, ಜಾತಿ ಬೇರೆ, ಬುತ್ತಿ ಮಾತ್ರ ಒಟ್ಟಿಗೆ ಬಿಚ್ಚುತ್ತಿದ್ದರಂತೆ. ಆ ಸಾಲೇ ಈ ಟೀಮು. ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ಮಲ್ಲಾಜಮ್ಮ ಓಪನರ್. ರಾಟೆಯನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದ ಮಂಗಳಮ್ಮ ಎಡಗೈ ಬ್ಯಾಟರ್. ಕಣ್ಣು ಮಿಟುಕಿಸುವುದರೊಳಗೆ ಹತ್ತಿಯ ಹಂಜಿ ನೂತು ಮುಗಿಸುತ್ತಿದ್ದ ಚಿಕ್ಕಬಸಮ್ಮ ಫಾಸ್ಟ್ ಬೌಲರ್. ನಾಲ್ಕನೇ ನಂಬರಿನಲ್ಲಿ ಕ್ಯಾಪ್ಟನ್ ಪುಟ್ಟಗೌರಮ್ಮ, ಅಂದರೆ ಸ್ವತಃ ಅತ್ತೆ. ಹಳೇ ಗೇಮು, ಅದರಲ್ಲಿ ಇದ್ದದ್ದು ಗಂಡಸರ ಮೈಯೇ. ಹಾಗಾಗಿ ಮಂಗಳಮ್ಮನಿಗೆ ಎದೆಮಟ್ಟ ಗಡ್ಡ, ಚಿಕ್ಕಬಸಮ್ಮನಿಗೆ ಹುರಿ ಮೀಸೆ. ನಾನು ನಕ್ಕರೆ, ಗಡ್ಡ ಇದ್ದರೇನು, ಅವಳ ಕೈ ನೋಡು ಎಂದು ನನಗೇ ಬೈಯುತ್ತಿದ್ದರು.

ಹನ್ನೊಂದನೆಯವಳ ಹೆಸರು ಮಾತ್ರ ಅತ್ತೆಗೆ ನೆನಪಿಲ್ಲ. ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿಯಂತೆ, ಕೆಲವೇ ತಿಂಗಳು ಬಂದು ಬಿಟ್ಟಳಂತೆ. ಒಂದು ಸಲ ಹೊರಗೆ ಆಡುತ್ತಿದ್ದ ಗಂಡು ಹುಡುಗರ ಚೆಂಡು ಕಿಟಕಿಯಿಂದ ಒಳಗೆ ಬಿತ್ತು. ಅದನ್ನು ಕೈಗೆ ಕೊಡದೆ, ಅವಳು ತೋಳು ಬೀಸಿ ಎಸೆದದ್ದು ಹುಡುಗರ ತಲೆಯ ಮೇಲೆ ಹಾದು ಆಚೆ ಹೊಲಕ್ಕೆ ಬಿತ್ತಂತೆ. ನಾವೂ ಆಡೋಣ ಎಂದು ಹನ್ನೊಂದು ಜನವೂ ಎದ್ದರು. ಮೇಲ್ವಿಚಾರಕರು ಗದರಿ ಎಲ್ಲರನ್ನೂ ರಾಟೆಯ ಮುಂದೆ ಕೂರಿಸಿದರು. ಅವತ್ತು ಆಡದೆ ಉಳಿದ ಮ್ಯಾಚನ್ನು ಅತ್ತೆ ಈಗ ಆಡಿಸುತ್ತಿದ್ದರು. ಆ ಹುಡುಗಿಯ ಜಾಗದಲ್ಲಿ ಪೆಟ್ಟಿಗೆ ತಾನೇ ಕೊಟ್ಟ ‘ಪ್ಲೇಯರ್ ಇಲೆವೆನ್’ ಎಂಬ ಹೆಸರೇ ಇತ್ತು.

ನನಗೆ ಹೊಟ್ಟೆಕಿಚ್ಚು ಇದ್ದದ್ದು ಅಲ್ಲೇ. ಮೆಡಿಕಲ್ ಸ್ಟೋರಿನಲ್ಲಿ ದಿನವಿಡೀ ನಿಂತು ಬಂದು, ಎರಡನೇ ಹಿಡಿ ಹಿಡಿದು ಅತ್ತೆಯ ಎದುರು ಆಡುವವಳು ನಾನು. ಆ ಖಾಲಿ ಜಾಗಕ್ಕೆ ನನ್ನ ಹೆಸರು ಹಾಕಿ ಅಂದರೆ, ಅದು ಅವಳ ಜಾಗ, ನೆನಪಾದಾಗ ಹಾಕುತ್ತೇನೆ ಅನ್ನುವರು. ಅನ್ಯಾಯ ಇನ್ನೂ ಇದೆ. ಅವರ ಹನ್ನೊಂದು ಜನರಲ್ಲಿ ಯಾರೇ ಔಟಾಗಲಿ, ಸ್ಟಂಪು ಮೂರೂ ಹಾರಿಹೋಗಿರಲಿ, ಅಂಪೈರಿಗೆ ಮಂಗಳಾರತಿ ತಪ್ಪಿದ್ದಲ್ಲ. ನನ್ನವನು ಔಟಾದರೆ ಮಾತ್ರ “ಸರ್ಯಾಗೇ ಕೊಟ್ಟವ್ನೆ ಬುಡು” ಅನ್ನುವರು. ಮನೆಗೆ ಬಂದು ಎಂಟು ವರ್ಷವಾದರೂ ನಾನು ಎದುರು ಪಾರ್ಟಿಯವಳೇ.

ಹೀಗಿರುವಾಗ ಪೆಟ್ಟಿಗೆ ರಗಳೆ ಶುರು ಮಾಡಿತು. ಮ್ಯಾಚು ಮುಗಿದಾಗಲೆಲ್ಲ ಜಾಗ ಸಾಲದು, ಏನಾದರೂ ಅಳಿಸಿ ಎಂದು ಕೇಳುತ್ತಿತ್ತು. ಅದರ ಹೊಟ್ಟೆಯಲ್ಲಿದ್ದದ್ದು ಪುಟಾಣಿ ಹಾರ್ಡ್ ಡಿಸ್ಕು, ಅದರ ತುಂಬ ನಮ್ಮ ಮನೆಯವರ ಬ್ರಹ್ಮಚಾರಿ ಕಾಲದ ಕಾರು ರೇಸುಗಳು, ಗುಂಡು ಹಾರಿಸುವ ಆಟಗಳು. ಅವನ್ನು ಅಳಿಸಿ ಅಂದರೆ ಅವರಿಗೆ ಕೋಪ, ಟೀಮು ಅಳಿಸಿ ಅಂದರೆ ತಾಯಿಗೆ ಕೋಪ. ಕೊನೆಗೆ ನಂಜನಗೂಡಿನಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ಶಿವಸ್ವಾಮಿಗೆ ಫೋನು ಹೋಯಿತು. ಅವರು ಸುಲಭದ ದಾರಿ ಹೇಳಿದರು. ದೊಡ್ಡ ಡಿಸ್ಕು ತರಿಸಿಡುತ್ತೇನೆ, ಪೆಟ್ಟಿಗೆಯನ್ನೂ ಹಳೇ ಡಿಸ್ಕನ್ನೂ ತನ್ನಿ, ಅದರಲ್ಲಿ ಇರುವುದನ್ನೆಲ್ಲ ಇದಕ್ಕೆ ತುಂಬಿ ಕೊಡುತ್ತೇನೆ.

ನಮ್ಮ ಮನೆಯವರಿಗೆ ತಾಳ್ಮೆ ಎಲ್ಲಿಂದ ಬರಬೇಕು. ಅವತ್ತೇ ಸಂಜೆ ಸ್ಕ್ರೂ ಬಿಚ್ಚಿ ಹಳೇ ಡಿಸ್ಕನ್ನು ಹೊರಗೆಳೆದು, ಸ್ಪ್ಯಾನರ್‌ಗಳ ಜೊತೆ ಗೂಡಿನಲ್ಲಿ ಇಟ್ಟರು. ಮಾರನೆಯ ದಿನ ಆಯುಧಪೂಜೆ.

ಆಯುಧಪೂಜೆ ಅಂದರೆ ನಮ್ಮತ್ತೆಗೆ ಮನೆಯ ಕಬ್ಬಿಣಕ್ಕೆಲ್ಲ ಎಣ್ಣೆಸ್ನಾನದ ದಿನ. ಬೆಳಿಗ್ಗೆಯೇ ಗೂಡಿಗೆ ಕೈ ಹಾಕಿ ಕುಡುಗೋಲು, ಮಚ್ಚು, ಸ್ಪ್ಯಾನರು, ಪಂಪಿನ ಬೀಗದ ಕೈ ಎಲ್ಲವನ್ನೂ ಬಕೆಟ್ಟಿಗೆ ಸುರಿದು, ಸೋಪಿನ ನೀರಿನಲ್ಲಿ ನೆನೆಹಾಕಿ, ಹುಣಿಸೆಹಣ್ಣು ತಿಕ್ಕಿ ಬೆಳಗಿದರು. ನಾನು ಒಳಗೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ನಮ್ಮ ಮನೆಯವರು ಸ್ಕೂಟರ್ ತೊಳೆದು ಬಾಳೆಕಂದು ಕಟ್ಟುತ್ತಿದ್ದರು. ಬಿಸಿಲಲ್ಲಿ ಒಣಗಿದ ಮೇಲೆ ಎಲ್ಲವೂ ದೇವರ ಮುಂದಿನ ಮಣೆಯ ಮೇಲೆ ಕೂತವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ನಡುವೆ ಬೆಳ್ಳಿಯ ಡಬ್ಬಿಯಂತೆ ಥಳಥಳಿಸುತ್ತಿದ್ದದ್ದು ಆ ಡಿಸ್ಕು. ನಮ್ಮ ಮನೆಯವರು ಅದಕ್ಕೆ ಆರತಿ ಎತ್ತಿ, ಬೂದುಗುಂಬಳ ಒಡೆದು ಕೈಮುಗಿದರು. ಇದೇನೆಂದು ಆ ಮಹಾರಾಯರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹಬ್ಬ ಕಳೆದು ಶಿವಸ್ವಾಮಿಯ ಅಂಗಡಿಗೆ ಹೊರಡುವಾಗ. ಮುಖ ಬಿಳುಚಿಕೊಂಡಿತು, ಆದರೂ ತಾಯಿಯೆದುರು ತುಟಿ ಬಿಚ್ಚಲಿಲ್ಲ. ನನ್ನ ಗೆಳತಿಯರು ಹೊಸ ಮನೆಗೆ ಹೋಗುವಾಗ ನಾನಿಲ್ಲದಿದ್ದರೆ ಹೇಗೆ ಎಂದು ಅತ್ತೆಯೂ ಹೊರಟಿದ್ದರು, ಜೊತೆಗೆ ನಾನೂ. ಡಿಸ್ಕನ್ನು ಶುಭ್ರವಾದ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು.

ಶಿವಸ್ವಾಮಿ ಟವೆಲು ಬಿಚ್ಚಿ, ಕುಂಕುಮ ನೋಡಿ, ಮೂಗಿನ ಹತ್ತಿರ ಹಿಡಿದರು.

“ರಂಗಣ್ಣ, ಇದ್ನ ಯಾರಾರ ತೊಳುದ್ರಾ?”

“ನಾನೇ ಕಣಪ್ಪ. ಉಣ್ಸೇಣ್ಣು ಆಕಿ ಬೆಳಗ್ದೆ. ಯಾಕೆ, ಇನ್ನೂ ಕೊಳೆ ಅದಾ?” ಅಂದರು ಅತ್ತೆ.

ಶಿವಸ್ವಾಮಿ ನಗಲಿಲ್ಲ, ಅದು ಅವರ ದೊಡ್ಡತನ. ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು. ಕಿರ್ ಎಂದು ಒಂದು ಸದ್ದು ಬಂತು, ಆಮೇಲೆ ಅದೂ ಇಲ್ಲ. ಮುಚ್ಚಳ ಬಿಚ್ಚಿದರೆ ಒಳಗೆ ಸೋಪಿನ ನೀರು ಒಣಗಿ ಬೆಳ್ಳಗಾಗಿತ್ತು. ದೊಡ್ಡ ಊರಿಗೆ ಕಳಿಸಿದರೂ ಇದು ಬರುವುದಿಲ್ಲ ಅವ್ವ ಎಂದು ಮೆಲ್ಲಗೆ ಹೇಳಿದರು. ಹೊಸ ಡಿಸ್ಕನ್ನು ಪೆಟ್ಟಿಗೆಗೆ ಕೂರಿಸಿ, ಎಲ್ಲ ಸರಿಯಿದೆ, ಹಳೆಯದರ ಹತ್ತರಷ್ಟು ಜಾಗ ಇದೆ ಅಂದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಮನೆಗೆ ಬಂದ ಅತ್ತೆ ಟಿ.ವಿ. ಕಡೆ ತಿರುಗಿ ನೋಡಲಿಲ್ಲ. ಮಗ ಹೊಸದಾಗಿ ಟೀಮು ಕಟ್ಟಿಕೊಡುತ್ತೇನೆ ಅಂದರೆ ಬೇಡ ಅಂದರು. ಬೈಯಲಿಲ್ಲ, ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡರು. ಅವರ ಬೈಗುಳವನ್ನು ಅಷ್ಟು ವರ್ಷ ಶಪಿಸಿದ ನಾನು, ಅದಿಲ್ಲದ ಮನೆಯಲ್ಲಿ ಕಾಲೂರಲಾಗದೆ ಒದ್ದಾಡಿದೆ. ಒಂದು ಸಂಜೆ ಹಸು ಕರೆಯುತ್ತ ಕೂತಿದ್ದವರು, ನನ್ನ ಮುಖ ನೋಡದೆ ಮಾತಾಡಿದರು.

“ಅವರ್ದು ಒಂದು ಪಟಾನಾದ್ರೂ ಇಲ್ಲ ಕಣವ್ವ ನನ್ತವು. ಆ ಕಾಲ್ದಲ್ಲಿ ನಮ್ಮನ್ಯಾರು ಪಟ ತೆಗೀತಿದ್ರು. ಮಲ್ಲಾಜಿ ತೀರೋದ್ಲು, ಚಿಕ್ಕಬಸಿ ಓದ್ಲು, ಒಬ್ಬೊಬ್ರಾಗಿ ಓದಾಗ ತಡ್ಕಂಡಿದ್ದೆ. ಈಗ ಎಲ್ರೂವೆ ಒಂದೇ ಸಲ ಓದಂಗಾಯ್ತು. ಅದೂ ನನ್ ಕೈಯಾರ.”

ಎಷ್ಟು ಜಗಳವಾಡಿದ್ದರೇನು, ಆ ಹೆಂಗಸಿನ ಕಣ್ಣಲ್ಲಿ ನೀರು ನೋಡುವುದು ನನ್ನಿಂದ ಆಗದು.

ಭಾನುವಾರ ಮಧ್ಯಾಹ್ನ ಅವರು ಹಸುಗಳಿಗೆ ನೀರು ತೋರಿಸಲು ಹೋದಾಗ ನಾನು ಪೆಟ್ಟಿಗೆ ಹಚ್ಚಿದೆ. ಹೊಸ ಡಿಸ್ಕು ಕೂತ ಜಾಗದ ಮೇಲೆ ನಮ್ಮ ಮನೆಯವರು ‘ಇದನ್ನು ತೊಳೆಯಬಾರದು’ ಎಂದು ಚೀಟಿ ಅಂಟಿಸಿದ್ದರು. ಕ್ರಿಕೆಟ್ ಗೇಮಿನ ಸಿ.ಡಿ. ಹಾಕಿ ಟೀಮು ಕಟ್ಟತೊಡಗಿದೆ. ಹೊಟ್ಟೆಕಿಚ್ಚಿಗೂ ಒಂದು ಉಪಯೋಗ ಇದೆ ಎಂದು ಅವತ್ತು ತಿಳಿಯಿತು. ಎದುರು ಪಾರ್ಟಿಯಲ್ಲಿ ಕೂತು ಆ ಹನ್ನೊಂದು ಜನರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದವಳು ನಾನು. ಯಾರಿಗೆ ಯಾವ ನಂಬರು, ಯಾರ ತಲೆಗೆ ಕೆಂಪು ಪಟ್ಟಿ, ಯಾರದು ಎಡಗೈ, ಒಂದನ್ನೂ ಯಾರನ್ನೂ ಕೇಳಬೇಕಾಗಲಿಲ್ಲ. ಮಂಗಳಮ್ಮನ ಗಡ್ಡವನ್ನೂ ಬಿಡಲಿಲ್ಲ.

ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ಕಾಣೆ, ಹಿಂದಿನಿಂದ ಅತ್ತೆಯ ದನಿ ಬಂತು. ಮಲ್ಲಾಜಿ ಅಷ್ಟು ದಪ್ಪ ಇರಲಿಲ್ಲ ಅಂದರು. ಮಲ್ಲಾಜಮ್ಮನನ್ನು ತೆಳ್ಳಗೆ ಮಾಡಿದೆ. ಬಂದು ಪಕ್ಕದಲ್ಲಿ ಕೂತರು. ಹತ್ತು ಹೆಸರಾದವು, ಉಳಿದದ್ದು ಹನ್ನೊಂದನೆಯದು. ನನ್ನ ಹೆಸರು ಬರೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಬರಲಾರದು, ಆಸೆಯೂ ಆಯಿತು. ಆದರೆ ಕಿಟಕಿಯ ಹುಡುಗಿಯನ್ನು ಅವಳ ಜಾಗದಿಂದ ಎಬ್ಬಿಸಲು ಮನಸ್ಸು ಬರಲಿಲ್ಲ. ‘ಪ್ಲೇಯರ್ ಇಲೆವೆನ್’ ಅನ್ನು ಹಾಗೇ ಬಿಟ್ಟೆ.

ಅತ್ತೆ ಅದನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು.

“ನಾಕನೇ ನಂಬ್ರು ಅಳ್ಸು. ಅಲ್ಲಿ ನಿನ್ನೆಸ್ರು ಬರಿ.”

“ಅದು ನೀವಲ್ವಾ ಅತ್ತೆ.”

“ನಾನು ಒರ್ಗಡೆ ಕುಂತು ಆಡ್ಸೋಳು, ಒಳುಗೂ ನಾನೇ ಯಾಕೆ? ಇವರ್ನೆಲ್ಲ ನೆಪ್ಪಲ್ಲಿ ಮಡಿಕ್ಕೊಂಡಿರೋಳು ನನ್ ಬುಟ್ರೆ ನೀನೊಬ್ಳೇಯ. ನಮ್ ಸಾಲ್ನಲ್ಲಿ ಕೂತ್ಕೊ, ಬಾ.”

ಬರೆದೆ. ‘ಸಿಂಧು’ ಎಂಬ ನನ್ನ ಹೆಸರೇ ಎರಡು ಸಲ ತಪ್ಪಾಯಿತು. ನಮ್ಮ ಮನೆಯವರು ಬಂದು, ಯಾರೂ ಹೇಳುವ ಮುಂಚೆಯೇ, ಟೀಮಿನದೊಂದು ಕಾಪಿಯನ್ನು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅತ್ತೆ ಹಿಡಿ ಎತ್ತಿಕೊಂಡು ಮ್ಯಾಚು ಶುರು ಮಾಡಿದರು. ಮಲ್ಲಾಜಮ್ಮ ಒಂದೆರಡು ಬೌಂಡರಿ ಹೊಡೆದು ಔಟಾದಳು, ಮಂಗಳಮ್ಮ ಗಡ್ಡ ಸಮೇತ ರನ್‌ಔಟಾದಳು, ಅಂಪೈರಿಗೆ ಸಲ್ಲಬೇಕಾದ್ದು ಸಂದಿತು. ನಾಲ್ಕನೆಯವಳಾಗಿ ಸಿಂಧು ಬಂದಳು. ಮೀಸೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿದರೂ ನಡಿಗೆ ಚೆನ್ನಾಗಿತ್ತು.

ಮೊದಲ ಬಾಲಿಗೇ ಮೂರು ಸ್ಟಂಪೂ ಹಾರಿದವು. ‘ಸರ್ಯಾಗೇ ಕೊಟ್ಟವ್ನೆ’ ಎಂಬ ಮಾತಿಗೆ ನಾನು ತಯಾರಾಗಿ ತಲೆ ತಗ್ಗಿಸಿದೆ. ಅತ್ತೆ ಕೂತ ಜಾಗದಿಂದ ಅರ್ಧ ಎದ್ದು, ಟಿ.ವಿ. ಕಡೆ ಬೆರಳು ತೋರಿಸಿದರು.

“ಲೇ ಅಂಪೈರು, ಕಣ್ಣೇನ್ ಇಂಗೋದ್ವಾ ನಿಂಗೆ? ನಮ್ ಉಡ್ಗೀನ ಔಟ್ ಕೊಟ್ಟೇನ್ಲಾ?”