ಮುತ್ಯಾನ ಕಲ್ಲು ಮತ್ತು ನಮ್ಮತ್ತೆ

ಸಿಟ್ಟು ಬಂದಾಗ ನಮ್ಮತ್ತೆಯ ಮೂಗಿನ ಹೊಳ್ಳೆಗಳು ಅರಳಿ ಮೂಗುತಿ ಅದುರುತ್ತಿತ್ತು. ನಮ್ಮಪ್ಪನ ಅಕ್ಕ ಆಕೆ. ಗಂಡ ಹೋದ ಮೇಲೆ ತವರಿಗೆ ಬಂದು, ತಿಂಥಣಿ ಹತ್ತಿರದ ಹೊಳೆದಂಡೆಯ ಹೊಲವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ನಗುವುದು ಕಡಿಮೆ, ಬೈಯುವುದು ಧಾರಾಳ. ನಾನು ಬೈಗುಳ ಕಲಿತದ್ದೇ ಆಕೆಯಿಂದ.

ಆ ಹೊಲದ ಬದುವಿನಲ್ಲಿ ನಮ್ಮ ವಂಶದ ಮುತ್ಯಾನ ವೀರಗಲ್ಲಿತ್ತು. ಕೈಯಲ್ಲಿ ಕತ್ತಿ, ಕಾಲಡಿಗೆ ಹರಿಗೋಲು. ನಾವು ಹೊಳೆ ದಾಟಿಸಿ ಬದುಕಿದ ಮಂದಿ. ಎಳ್ಳಮವಾಸ್ಯೆಗೆ ಆ ಕಲ್ಲಿಗೆ ಎಡೆ ಹಿಡಿದು, ಅಡ್ಡಬಿದ್ದು, ಅದರ ಮುಂದೆಯೇ ಕೂತು ಉಣ್ಣುವುದು ನಮ್ಮ ಮನೆಯ ಪದ್ಧತಿ.

ಒಮ್ಮೆ ಅತ್ತೆ ಕಣ್ಣಿನ ಆಪರೇಷನ್ನಿಗೆಂದು ಯಾದಗಿರಿಯ ದವಾಖಾನೆಯಲ್ಲಿದ್ದಾಗ, ಊರ ಗೌಡರು ಆ ಕಲ್ಲನ್ನು ಟ್ರ್ಯಾಕ್ಟರಿಗೆ ಹೇರಿಸಿ ಸುರಪುರದ ಮ್ಯೂಸಿಯಂಗೆ ಕೊಟ್ಟುಬಿಟ್ಟರು. 'ನಮ್ಮ ಮನೆತನದ ವೀರ' ಎಂದು ಭಾಷಣ ಬಿಗಿದು ಶಾಲು ಹೊದಿಸಿಕೊಂಡರು. ಮ್ಯೂಸಿಯಂ ಅಂಗಳದ ಮರದಡಿ ಕಲ್ಲು, ಪಕ್ಕದ ಫಲಕದ ಮೇಲೆ ಗೌಡರ ಹೆಸರು.

"ಕಲ್ಲ ಅಲ್ಲೇ ನೆಳ್ಳಾಗ ಇರ್ಲಿ, ಬ್ಯಾಡ ಅನ್ನಂಗಿಲ್ಲ. ಆ ಭಾಡ್ಯಾನ ಹೆಸರ ಮಾತ್ರ ಕಿತ್ತಸ್ತೀನಿ," ಎಂದಳು ಅತ್ತೆ. ಆದರೆ ಊರಲ್ಲಿ ಗೌಡರ ಎದುರು ಬಾಯಿಬಿಡುವ ಗಂಡಸು ಒಬ್ಬನೂ ಸಿಗಲಿಲ್ಲ.

ಮುಂದಿನ ಎಳ್ಳಮವಾಸ್ಯೆಗೆ ಗೌಡರು ಹೊಸ ಬೀಗರಿಗೆ ಕಲ್ಲು ತೋರಿಸಲು ಹೋಗುತ್ತಾರೆಂಬ ಸುದ್ದಿ ಆಕೆಗೆ ಸಿಕ್ಕಿತು. ಬುತ್ತಿ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. ನಾವು ಹೋದಾಗ ಗೌಡರು ಕಲ್ಲಿನ ಪಕ್ಕ ಮೀಸೆ ತಿರುವುತ್ತ ನಿಂತಿದ್ದರು.

ಅತ್ತೆ ಸೆರಗು ಹೊದ್ದು ಬಲು ನಯವಾಗಿ ಕೇಳಿದಳು: "ಗೌಡ್ರ, ಇವತ್ತ ಎಳ್ಳಮಾಸಿ. ನಿಮ್ಮ ಮುತ್ಯಾಗ ಎಡಿ ಹಿಡಿಯಂಗಿಲ್ಲೇನ್ರಿ?"

"ಓಹೋ, ಹಂಗ ಪದ್ಧತಿ ಐತೇನ್ರಿ?" ಎಂದರು ಬೀಗರು.

ಗೌಡರ ಮುಖ ಬಿಳಿಚಿತು. ಇಲ್ಲವೆಂದರೆ ವೀರ ಕೈಬಿಟ್ಟು ಹೋಗುತ್ತಾನೆ. "ಐ... ಐತ್ರಿ," ಎಂದರು.

"ಹಂಗಾದ್ರ ಅಡ್ಡಬೀಳ್ರಿ. ಬುತ್ತಿ ನಾ ತಂದೀನಿ."

ನಮ್ಮ ಮನೆಯ ನೀರು ಮುಟ್ಟದ ಗೌಡರು, ಬಿಳಿ ಧೋತರದ ಸಮೇತ ನಮ್ಮ ಮುತ್ಯಾನ ಮುಂದೆ ಮಣ್ಣಿಗೆ ಬಿದ್ದರು. ಎದ್ದು ಕೂತು, ನಮ್ಮ ಒಲೆಯ ಮೇಲೆ ಬೆಂದ ಸಜ್ಜೆ ಕಡಬನ್ನು ತುತ್ತು ತುತ್ತಾಗಿ ನುಂಗಿದರು. ಅಬ್ಬಾ, ಆ ಗಂಟಲು ಏರಿ ಇಳಿದದ್ದನ್ನು ನೋಡಬೇಕಿತ್ತು! ನನ್ನ ಹೊಟ್ಟೆ ತಣ್ಣಗಾಯಿತು. ಪಾಪ, ಬೀಗರಿಗೇನು ಗೊತ್ತು? "ಭಾಳ ಛಲೋ ಪದ್ಧತಿ ಬಿಡ್ರಿ, ವರ್ಷಾ ವರ್ಷಾ ನಾವೂ ಬರ್ತೀವಿ," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ, "ಅತ್ತಿ, ಹೆಸರ ಕಿತ್ತಸೋದು ಯಾವಾಗ?" ಎಂದೆ.

"ಹುಚ್ಚಪ್ಯಾಲಿ, ಕಿತ್ತಸಿದ್ರ ಅವ ಅಡ್ಡಬೀಳಾದ ಬಿಟ್ಬಿಡ್ತಾನ. ಇರ್ಲಿ ಬಿಡು," ಎಂದು ನಕ್ಕಳು.

ಆಕೆ ಬದುಕಿದ್ದಷ್ಟು ವರ್ಷವೂ ಗೌಡರು ಬೀಗರ ಜೊತೆ ಬಂದರು, ಬಿದ್ದರು, ಉಂಡರು. ಹೋದ ಶ್ರಾವಣದಲ್ಲಿ ಅತ್ತೆ ತೀರಿಕೊಂಡಳು. ಮಣ್ಣು ಮಾಡುವಾಗ ಬಂದ ಗೌಡರ ಮುಖದಲ್ಲಿ ದುಃಖವಿರಲಿಲ್ಲ, ಬಿಡುಗಡೆಯಾದ ನಿರಾಳವಿತ್ತು. ಅದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು. ಕಣ್ಣು ಒರೆಸಿಕೊಂಡು, ಹತ್ತಿರ ಹೋಗಿ ಕೈಮುಗಿದೆ.

"ಎಳ್ಳಮಾಸಿಗಿ ತಪ್ಪಬ್ಯಾಡ್ರಿ ಗೌಡ್ರ. ಬುತ್ತಿ ಇನ್ನಮ್ಯಾಲ ನಾ ತರ್ತೀನಿ."