ಇಳಿಯದಿರುವ ಪಾಠ

ಕಲೀಮುಲ್ಲಾ ಸ್ಪ್ಯಾನರಿನಿಂದ ಬಾನೆಟ್ ಮೇಲೆ ಟಣ್ಣೆಂದು ಬಾರಿಸಿ ಕೂಗಿದ: "ಹೋಯ್ತು!"

ಒಳಗೆ ಕೂತಿದ್ದ ವಸಂತ್ ಎರಡೂ ಕಾಲು ಒತ್ತಿದ. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ.

"ಒತ್ತು. ಬಿಡ್ಬೇಡ. ಗಾಡಿ ಇನ್ನೂ ತಿರುಗ್ತಾ ಇದೆ."

"ಎಲ್ ತಿರುಗ್ತಾ ಇದೆ ಕಲೀಮ್ ಭಾಯ್? ಇಟ್ಟಿಗೆ ಮೇಲೆ ನಿಲ್ಸಿದೀರ!"

"ನಿನ್ ತಲೆ ತಿರುಗ್ತಾ ಇದೆ. ಒತ್ತು... ಹಾಂ, ಈಗ ನಿಂತಿತು." ಅಷ್ಟು ಹೇಳಿದವನೇ ಬಗ್ಗಿ ಗಾಡಿಯ ಕೆಳಗೆ ಇಣುಕಿದ. "ಅಯ್ಯೋ, ಆಯಿಲ್ ಸುರೀತಾ ಇದೆಯಲ್ಲೋ!"

ವಸಂತನ ಕೈ ತಟ್ಟನೆ ಸೀಟ್ ಬೆಲ್ಟಿಗೆ ಹೋಯಿತು.

"ಸತ್ತೆ," ಎಂದ ಕಲೀಮುಲ್ಲಾ.

ಮಂಗಳವಾರದಿಂದ ಇದು ಹದಿನಾಲ್ಕನೆಯ ಸಾವು. ಭಾನುವಾರ ಹೊಸಕೋಟೆಯ ಆಚೆಗಿರುವ ರೇಸ್ ಟ್ರ್ಯಾಕಿನಲ್ಲಿ ವಸಂತ್ ಮೊದಲ ಸಲ ಗಾಡಿ ಓಡಿಸುವವನಿದ್ದ. ಹೊರಮಾವಿನ ಹುಡುಗ. ಅಜ್ಜ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಐದಂತಸ್ತಿನ ಫ್ಲಾಟುಗಳು. ಶಿವಾಜಿನಗರದ ಈ ಗಲ್ಲಿಯ ಗ್ಯಾರೇಜಿಗೆ ಹಳೇ ಕಾರೊಂದನ್ನು ತಳ್ಳಿಸಿಕೊಂಡು ಬಂದು, ಒಂದೂವರೆ ವರ್ಷ ಕಲೀಮುಲ್ಲಾನ ಜೊತೆ ಕೈ ಕಪ್ಪು ಮಾಡಿಕೊಂಡು, ಅದನ್ನು ರೇಸಿಗೆ ಸಜ್ಜುಗೊಳಿಸಿದ್ದ. ಗಾಡಿ ಬಗ್ಗೆ ಕಲೀಮುಲ್ಲಾನಿಗೆ ಚಿಂತೆಯಿರಲಿಲ್ಲ. ಬೆಲ್ಟಿಗೆ ಹೋಗುವ ಆ ಕೈಯ ಬಗ್ಗೆ ಇತ್ತು.

ಆ ಕೈಗೆ ಆ ಚಟ ಹತ್ತಿಸಿದವನು ಕಲೀಮುಲ್ಲಾನೇ. ಗ್ಯಾರೇಜಿನಲ್ಲಿ ಮೊದಲ ದಿನ ಹೇಳಿಕೊಟ್ಟಿದ್ದೇ ಅದು: ಗಾಡಿ ನಿಂತರೆ ಇಳಿ, ಬಗ್ಗು, ಕೆಳಗೆ ನೋಡು, ಟೈರ್ ಮುಟ್ಟು. ಇಳಿಯದೆ ಕೂತವನು ಮೆಕ್ಯಾನಿಕ್ಕೇ ಅಲ್ಲ.

ಮೂಲೆಯ ಸ್ಟೂಲಿನ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಉಜ್ಜುತ್ತಿದ್ದ ಇನ್ನೊಬ್ಬ ಮೆಕ್ಯಾನಿಕ್ ಹಸನ್ ನಕ್ಕ. "ಎರಡೂ ಕಾಲು ಒತ್ತು ಅಂತ ನನಗೆ ಹೇಳ್ಬೇಡಿ ಭಾಯ್. ನನ್ ಹತ್ರ ಒಂದೇ ಸ್ಟಾಕ್ ಇರೋದು."

ವಸಂತ್ ನಗಲಿಲ್ಲ. ಕಲೀಮುಲ್ಲಾ ಸ್ಪ್ಯಾನರನ್ನು ಎಸೆದು ಗಲ್ಲಿಗೆ ಹೋಗಿ ನಿಂತ.

ಆರು ವರ್ಷದ ಹಿಂದೆ ಅದೇ ಟ್ರ್ಯಾಕಿನಲ್ಲಿ, ಇಂದಿರಾನಗರದ ಕಾರು ಮಾಲೀಕನೊಬ್ಬ, "ಏನೋ ಸೌಂಡ್ ಬರ್ತಿದೆ, ಒಂದ್ ರೌಂಡ್ ಹೊಡ್ಕೊಂಡ್ ಬಾ" ಎಂದು ಹಸನ್ ಕೈಗೆ ಕೀ ಕೊಟ್ಟಿದ್ದ. ತಿರುವಿನಲ್ಲಿ ಗಾಡಿ ಗಿರಕಿ ಹೊಡೆದು ಅಡ್ಡಲಾಗಿ ನಿಂತಿತು. ಹಸನಿಗೆ ತರಚು ಗಾಯವೂ ಆಗಿರಲಿಲ್ಲ. ಇಳಿದ. ಕುಕ್ಕರುಗಾಲಲ್ಲಿ ಕೂತು ಗಾಡಿಯ ಕೆಳಗೆ ನೋಡಿದ. ಹಿಂದಿನಿಂದ ಬಂದ ಕಾರು ಅವನ ಎಡಗಾಲನ್ನು ಮಂಡಿಯಿಂದ ಕೆಳಗೆ ಉಳಿಸಲಿಲ್ಲ.

ವರದಿಯಲ್ಲಿ ಬರೆದರು: ಚಾಲಕನ ಅಜಾಗರೂಕತೆ. ಅಂದು ಬೆಳಗ್ಗೆ ಸುರಕ್ಷತೆಯ ಪಾಠ ನಡೆದಾಗ ಆ ಚಾಲಕ ಎಲ್ಲಿದ್ದ? ಹಗ್ಗದ ಆಚೆ, ಪೆಟ್ರೋಲ್ ಕ್ಯಾನು ಹೊರುತ್ತಿದ್ದ. ಪಾಠ ಗಾಡಿ ಓಡಿಸಲು ಟಿಕೆಟ್ ಕೊಂಡವರಿಗೆ. ಮೆಕ್ಯಾನಿಕ್ಕಿಗೆ ಊಟದ ಪೊಟ್ಟಣ. ಹೇಳಿಕೊಡದೇ ಇದ್ದುದನ್ನು ಪಾಲಿಸಲಿಲ್ಲ ಎಂದು ಒಬ್ಬನ ಮೇಲೆ ತಪ್ಪು ಹೊರಿಸಲು ಎಂಥ ಪೆನ್ನು ಬೇಕು!

ಆದರೆ ಕಲೀಮುಲ್ಲಾನನ್ನು ಕೊರೆಯುತ್ತಿದ್ದುದು ಆ ಪೆನ್ನಲ್ಲ. ಅವನೂ ಅಲ್ಲೇ, ಟ್ರ್ಯಾಕಿನ ಅಂಚಿನ ಗೋಡೆಯ ಹಿಂದಿದ್ದ. "ಇಳಿದು ನೋಡೋ ಹಸನ್!" ಎಂದು ಕೂಗಿದವನು ಅವನೇ. ಹಸನಿಗೆ ಅದು ಕೇಳಿಸಿತ್ತೋ ಇಲ್ಲವೋ, ಆರು ವರ್ಷವಾದರೂ ಅವನನ್ನು ವಿಚಾರಿಸಿಲ್ಲ.

ಆಮೇಲೆ ಕಲೀಮುಲ್ಲಾ ತಾನೇ ಕಲಿತ. ಟ್ರ್ಯಾಕಿನಲ್ಲಿ ಎಚ್ಚರಿಕೆಯ ಬಾವುಟ ಹಿಡಿಯುವವರನ್ನು ಪೀಡಿಸಿ, ಫೋನಿನಲ್ಲಿ ವಿಡಿಯೋ ನೋಡಿ, ಒಂದೊಂದೇ ಕಲಿತ. ಹಿಂಬದಿ ಜಾರಲು ಶುರುವಾದರೆ ಹೋಗಬೇಕಾದ ಕಡೆ ನೋಡು, ಸ್ಟೀರಿಂಗ್ ಅತ್ತ ತಿರುಗಿಸು. ಹಿಡಿತಕ್ಕೆ ಬರಲಿಲ್ಲವೋ, ಹೀರೋ ಆಗಬೇಡ. ಕ್ಲಚ್ಚು ಬ್ರೇಕು ಎರಡನ್ನೂ ಪೂರ್ತಿ ಒತ್ತು. ಚಕ್ರ ತಿರುಗದೆ ಕಚ್ಚಿಕೊಂಡ ಗಾಡಿ ಹೊರಟ ದಿಕ್ಕಿಗೇ ಜಾರುತ್ತದೆ, ಹಿಂದೆ ಬರುವವನಿಗೆ ಯಾವ ಕಡೆ ತಪ್ಪಿಸಬೇಕೆಂದು ಗೊತ್ತಾಗುತ್ತದೆ. ನಡುವೆ ಬ್ರೇಕ್ ಬಿಟ್ಟರೆ ಮೂತಿ ತಿರುಗಿದ ಕಡೆ ನುಗ್ಗುತ್ತದೆ. ನಿಂತ ಮೇಲೂ ಬ್ರೇಕ್ ಬಿಡಬೇಡ. ಬೆಂಕಿ ಹತ್ತದ ಹೊರತು ಬೆಲ್ಟ್ ಬಿಚ್ಚಬೇಡ. ಬಾವುಟದವರು ಕೈ ಬೀಸುವವರೆಗೆ ಅಲ್ಲಾಡಬೇಡ.

ಇದನ್ನು ಎಲ್ಲರಿಗೂ ಹೇಳಲು ಹತ್ತು ನಿಮಿಷ ಕೊಡಿ ಎಂದು ಸಂಘಟಕರನ್ನು ಕೇಳಿದ್ದ. "ಜನ ಖುಷಿಗೆ ಬರ್ತಾರೆ ಭಾಯ್, ಬೆಳಬೆಳಗ್ಗೆ ಹೆದರಿಸ್ಬೇಡಿ" ಎಂದಿದ್ದರು.

ಭಾನುವಾರ ಹಸನನ್ನು ಗ್ಯಾರೇಜಿನಲ್ಲೇ ಬಿಟ್ಟು ಕೆ.ಆರ್. ಪುರದ ಸೇತುವೆ ದಾಟುವಾಗಲೇ ಕಲೀಮುಲ್ಲಾನ ಕಾಲು ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ. ಟ್ರ್ಯಾಕಿನಲ್ಲಿ ಮೂರು ನಿಮಿಷದ ಪಾಠ ನಡೆಯಿತು, ಇಂಗ್ಲಿಷಿನಲ್ಲಿ. ಪಾರ್ಕಿಂಗ್ ಎಲ್ಲಿ, ಊಟ ಎಷ್ಟು ಹೊತ್ತಿಗೆ. ಗಿರಕಿಯ ಬಗ್ಗೆ ಒಂದೇ ಮಾತು: ಗಾಬರಿಯಾಗಬೇಡಿ. ಮೆಕ್ಯಾನಿಕ್ಕುಗಳು ಎಂದಿನಂತೆ ಹಗ್ಗದ ಆಚೆ.

ಗೋಡೆಯ ಪಕ್ಕ ಬಾವುಟ ಹಿಡಿದು ನಿಂತಿದ್ದವಳು ಧನಲಕ್ಷ್ಮಿ. ವಾರವಿಡೀ ಜೀವನ್ ಬಿಮಾ ನಗರದ ಶಾಲೆಯೊಂದರಲ್ಲಿ ಪಿಟಿ ಟೀಚರ್, ಭಾನುವಾರ ಇಲ್ಲಿ. "ಕೂತ್ಕೊಳ್ರೀ ಕಲೀಮ್ ಭಾಯ್, ಹೆರಿಗೆ ವಾರ್ಡ್ ಮುಂದೆ ಓಡಾಡ್ದಂಗೆ ಓಡಾಡ್ತಿದೀರ."

ಅವನು ಕೂರಲಿಲ್ಲ.

ಮೂರನೇ ಸುತ್ತಿನಲ್ಲಿ ವಸಂತ್ ತಿರುವಿಗೆ ಜೋರಾಗಿ ನುಗ್ಗಿದ. ಹೆದರಿ ಆಕ್ಸಿಲರೇಟರಿನಿಂದ ಕಾಲು ಕಿತ್ತ. ಹಿಂಬದಿ ಹಗುರಾಗಿ ಗಾಡಿ ಗಿರ್ರನೆ ತಿರುಗಿತು. "ಹೋಯ್ತು!" ಎಂದು ಕಲೀಮುಲ್ಲಾ ಕಿರುಚಿದ. ನಾಲ್ಕೂ ಚಕ್ರ ಕಚ್ಚಿಕೊಂಡವು. ಟೈರಿನ ಹೊಗೆ ಎಬ್ಬಿಸುತ್ತ ಗಾಡಿ ನೇರ ಜಾರಿ, ಮೂತಿ ಹಿಂದಾಗಿ, ಟ್ರ್ಯಾಕಿನ ಆಚೆ ಅಂಚಿನಲ್ಲಿ ನಿಂತಿತು. ಎರಡೂ ಕಾಲು ಒತ್ತಿದ್ದಾನೆ ಹುಡುಗ!

ಬಾಗಿಲು ತೆರೆಯಲಿಲ್ಲ. ಧನಲಕ್ಷ್ಮಿ ಹಳದಿ ಬಾವುಟ ಬೀಸಿದಳು. ಬಾಗಿಲು ತೆರೆಯಲಿಲ್ಲ. ಆದರೆ ಹೊಗೆ ಕರಗಲೂ ಇಲ್ಲ. ಮುಂದಿನ ಚಕ್ರದ ಹತ್ತಿರ ಏನೋ ತೊಟ್ಟಿಕ್ಕುತ್ತಿರುವಂತೆ ಕಂಡಿತು. ಆಯಿಲ್ಲಾ? ಬ್ರೇಕ್ ಫ್ಲೂಯಿಡ್ಡಾ?

ಧನಲಕ್ಷ್ಮಿಯ ಸೀಟಿ ಕೇಳಿಸಿದಾಗ ಕಲೀಮುಲ್ಲಾನ ಕಾಲ ಕೆಳಗೆ ಡಾಂಬರಿತ್ತು. ಗೋಡೆ ಹಾರಿದ್ದು ಅವನಿಗೇ ಗೊತ್ತಿರಲಿಲ್ಲ. ಎದುರಿಗೆ, ಕಾರಿನ ಕಿಟಕಿಯಿಂದ ವಸಂತನ ಅಂಗೈ ಹೊರಬಂದಿತ್ತು, ನಿಲ್ಲಿ ಎಂಬಂತೆ. "ಬರ್ಬೇಡಿ ಭಾಯ್!"

ಕಾಲರ್ ಹಿಡಿದು ಯಾರೋ ಹಿಂದಕ್ಕೆ ಎಳೆದರು. ಅವನ ಮತ್ತು ವಸಂತನ ನಡುವೆ ಕೆಂಪು ಕಾರೊಂದು ಹಾದುಹೋಯಿತು. ಅದರ ಗಾಳಿಗೆ ಅವನ ಟೋಪಿ ಹಾರಿತು.

ವಸಂತ್ ಗಾಡಿ ಚಾಲೂ ಮಾಡಿ, ಧನಲಕ್ಷ್ಮಿ ಕೈ ಬೀಸುವವರೆಗೆ ಕಾದು, ತಿರುಗಿಸಿಕೊಂಡು ಬಂದ. ತೊಟ್ಟಿಕ್ಕಿದ್ದು ಏನೂ ಇರಲಿಲ್ಲ. ಹೆಲ್ಮೆಟ್ ತೆಗೆದು ಕೇಳಿದ: "ಇವತ್ತು ಸತ್ತಿದ್ದು ಯಾರು ಕಲೀಮ್ ಭಾಯ್?"

"ನಾನೇ ಮಗಾ."

ಸಂಘಟಕರು ಅವನ ಪಾಸ್ ಕಿತ್ತುಕೊಂಡರು. ಮೆಕ್ಯಾನಿಕ್ಕಿಗೆ ಶಿಸ್ತಿಲ್ಲ ಎಂದರು. ಕಲಿಸಿದ್ದು ಯಾವಾಗ ಎಂದು ಅವನು ಕೇಳಿದ್ದಕ್ಕೆ ಗೇಟು ತೋರಿಸಿದರು.

ಊಟದ ಹೊತ್ತಿಗೆ ಧನಲಕ್ಷ್ಮಿ ಗೇಟಿನ ಹೊರಗೆ ಬಂದಳು. ಅವಳ ಹಿಂದೆ, ಪೊಟ್ಟಣ ಹಿಡಿದ ಹನ್ನೊಂದು ಮೆಕ್ಯಾನಿಕ್ಕುಗಳು.

"ಹತ್ತು ನಿಮಿಷ ಕೇಳಿದ್ರಂತಲ್ಲ. ಗೇಟಿನಾಚೆ ಯಾರ ಪರ್ಮಿಷನ್ನೂ ಬೇಡ. ಶುರು ಮಾಡಿ, ಅನ್ನ ಆರೋಗತ್ತೆ."

ಕಲೀಮುಲ್ಲಾ ಎರಡು ಇಟ್ಟಿಗೆ ಹುಡುಕಿ ಮಣ್ಣಿನಲ್ಲಿಟ್ಟ. ಇದು ಕ್ಲಚ್ಚು, ಇದು ಬ್ರೇಕು. ಹಸನ್ ಕಾಲಿನ ಕಥೆಯಿಂದ ಶುರು ಮಾಡಿದ. "ಇಳಿದು ನೋಡು ಅಂತ ಕೂಗಿದ್ದು ನಾನು," ಎಂದ, ಆರು ವರ್ಷದಲ್ಲಿ ಮೊದಲ ಸಲ.

ಎಲ್ಲರೂ ಇನ್ನಷ್ಟು ಹತ್ತಿರ ಸರಿದು ಕೂತರು.

ಅಷ್ಟರಲ್ಲಿ ಗೋಡೆಯ ಆಚೆ ಟೈರು ಕಿರುಚಿತು. ಹನ್ನೊಂದು ಜನವೂ ಪೊಟ್ಟಣ ಬಿಟ್ಟು ಎದ್ದರು.

"ಕೂತ್ಕೊಳ್ರೋ!" ಎಂದು ಗದರಿದ ಕಲೀಮುಲ್ಲಾ. ಅವನೂ ಅರ್ಧ ಎದ್ದಿದ್ದ. ಎರಡೂ ಕಾಲನ್ನು ಇಟ್ಟಿಗೆಗಳ ಮೇಲೆ ಊರಿ ಒತ್ತಿ ಹಿಡಿದ, ಆಚೆಯ ಸದ್ದು ಪೂರ್ತಿ ನಿಲ್ಲುವವರೆಗೆ.