ಮೆಟ್ಟಿಲ ಮೇಲಿನ ನೀರು

ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಗೆ ದುಡಿಯಲು ಬಂದ ಮೆಸಿಡೋನಿಯಾದವರಲ್ಲಿ ತ್ರಾಯಾನ್‌ನಂಥ ಫುಟ್‌ಬಾಲ್ ಆಟಗಾರ ಇನ್ನೊಬ್ಬನಿರಲಿಲ್ಲ. ವಾರವಿಡೀ ಕುಲುಮೆಯ ಮುಂದೆ ಬೆಂದು, ಭಾನುವಾರ ಎಡಗಾಲಲ್ಲಿ ಚೆಂಡು ತಳ್ಳಿಕೊಂಡು ಹೊರಟನೆಂದರೆ ಎದುರಾಳಿಗಳಿಗೆ ಬೆವರಿಳಿಯುತ್ತಿತ್ತು. ಅವನು ಪಂದ್ಯಕ್ಕೆ ಹೊರಟಾಗ ಹೆಂಡತಿ ವೆಲಿಕಾ ಹಿಂದಿನಿಂದ ಮೆಟ್ಟಿಲ ಮೇಲೆ ಒಂದು ಹೂಜಿ ನೀರು ಚೆಲ್ಲುವಳು. ಹೋದ ಕೆಲಸ ನೀರು ಹರಿದಷ್ಟು ಸಲೀಸಾಗಲಿ ಎಂದು ಅವರ ಕಡೆಯ ಪದ್ಧತಿ.

೧೯೬೬ರ ಒಂದು ಭಾನುವಾರ ಯಾವುದೋ ಚಿಲ್ಲರೆ ವಿಷಯಕ್ಕೆ ಜಗಳವಾಡಿ ಅವಳು ನೀರು ಚೆಲ್ಲಲಿಲ್ಲ. ಅವತ್ತೇ ತ್ರಾಯಾನ್‌ನ ಎಡಗಣಕಾಲು ಮುರಿಯಿತು. ಇಪ್ಪತ್ತೊಂಬತ್ತಕ್ಕೇ ಆಟ ಮುಗಿಯಿತು. "ನನ್ನಿಂದ್ಲೇ ಆಗಿದ್ದು" ಎಂದು ವೆಲಿಕಾ ಅತ್ತಳು. ಅಂದಿನಿಂದ ಅವಳು ಮೈದಾನದ ಕಡೆ ತಲೆ ಹಾಕುತ್ತಿರಲಿಲ್ಲ. ಅವನು ಅದೇ ತಂಡಕ್ಕೆ ಕೋಚ್ ಆದ, ಕುಂಟುತ್ತಲೇ ಎರಡು ಸಲ ಕಪ್ ಗೆಲ್ಲಿಸಿದ. ಆದರೆ ಒಂದು ಮಾತು ಗಂಟಲಲ್ಲೇ ಉಳಿಯಿತು. ಆ ಕಾಲಿನ ಮೂಳೆ ಹಿಂದಿನ ಗುರುವಾರದ ಅಭ್ಯಾಸದಲ್ಲೇ ಬಿರುಕುಬಿಟ್ಟಿತ್ತು. ಆಡಬೇಡವೆಂದ ಡಾಕ್ಟರ ಮಾತನ್ನು ಮುಚ್ಚಿಟ್ಟು ಆಡಿದ್ದ. ಹೇಳಿದರೆ ಬೈದಾಳೆಂದು ಮೊದಲ ವರ್ಷ ಸುಮ್ಮನಿದ್ದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾಳೆಂದು ಮಿಕ್ಕ ಇಪ್ಪತ್ತು ವರ್ಷ. ಒಳ್ಳೆಯವನೇ, ಆದರೆ ಹೆಂಡತಿಯ ಮುಂದೆ ಶುದ್ಧ ಪುಕ್ಕಲ!

೧೯೮೭ರ ಫೈನಲ್ ದಿನ. ಅವರ ಮನೆಯಲ್ಲೇ ಇದ್ದ ವೆಲಿಕಾಳ ಅಣ್ಣನ ಮಗ ವಾಂಗೆಲ್ ಈಗ ತಂಡದ ಹೀರೋ. ಮಾವ-ಅಳಿಯ ಇಬ್ಬರಿಗೂ ಸೇರಿಸಿ ವೆಲಿಕಾ ನೀರು ಚೆಲ್ಲಿದಳು. ಮೆಟ್ಟಿಲಿಳಿಯುವಾಗ ವಾಂಗೆಲ್ ಮುಖ ಕಿವುಚಿದ.

"ಏನೋ ಅದು, ಕಾಲಿಗೆ?" ಎಂದ ತ್ರಾಯಾನ್.

"ಮೊನ್ನೆ ಸ್ವಲ್ಪ ಉಳುಕ್ತು ಮಾವ. ಅತ್ತೆ ನೀರು ಹಾಕಿದಾರಲ್ಲ, ಏನೂ ಆಗಲ್ಲ ಬಿಡಿ."

ತ್ರಾಯಾನ್ ಬಗ್ಗಿ ಅವನ ಕಾಲುಚೀಲ ಸರಿಸಿದ. ಗಣಕಾಲು ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು.

"ನೀನು ಇವತ್ತು ಆಡಲ್ಲ."

"ಫೈನಲ್ ಮಾವ! ನೀರು ಹಾಕ್ದೇ ಇದ್ದ ದಿನ ತಾನೇ ನಿಮ್ಮ ಕಾಲು ಮುರಿದಿದ್ದು?"

ವೆಲಿಕಾ ಹೂಜಿ ಹಿಡಿದು ತಲೆತಗ್ಗಿಸಿದಳು. ಅದನ್ನು ಕಂಡು ತ್ರಾಯಾನ್‌ಗೆ ತಡೆಯಲಾಗಲಿಲ್ಲ.

"ನೀರಿಗೂ ನನ್ ಕಾಲಿಗೂ ಸಂಬಂಧ ಇಲ್ಲ ಕಣೋ. ಗುರುವಾರಾನೇ ಬಿರುಕು ಬಿಟ್ಟಿತ್ತು. ನಿನ್ ಥರಾನೇ ಬಚ್ಚಿಟ್ಟು ಆಡ್ದೆ. ವೆಲಿಕಾ, ತಪ್ಪು ನಂದು ಕಣೇ, ನಿಂದಲ್ಲ."

"ಇಪ್ಪತ್ತೊಂದು ವರ್ಷ!" ಅವಳು ತಲೆ ಎತ್ತಿದಳು. "ನಿನ್ ಕಾಲಿಗೆ ಅಂತ ವಾರವಾರ ಚರ್ಚಲ್ಲಿ ಮೇಣದಬತ್ತಿ ಹಚ್ಚಿದೀನಲ್ಲೋ ಪಾಪಿ! ತೊಲಗು ಕಣ್ಮುಂದಿಂದ!"

ಬಾಗಿಲು ಧಡಾರನೆ ಮುಚ್ಚಿತು.

ವಾಂಗೆಲ್ ಇಲ್ಲದ ತಂಡ ಅರ್ಧ ಆಟಕ್ಕೇ ಒಂದು ಗೋಲು ಹಿಂದೆ ಬಿತ್ತು. ತ್ರಾಯಾನ್‌ಗೆ ಎದುರಿಗಿದ್ದ ಆಟವೇ ಕಾಣುತ್ತಿರಲಿಲ್ಲ. ವಿರಾಮದಲ್ಲಿ ಗೇಟು ದಾಟಿ, ಅಡುಗೆಯ ಏಪ್ರನ್ನಿನಲ್ಲೇ, ತುಂಬಿದ ಹೂಜಿ ಹಿಡಿದು ವೆಲಿಕಾ ಬಂದಳು. ಹುಡುಗರೆಲ್ಲ ನೋಡುತ್ತಿದ್ದಂತೆಯೇ ಅಷ್ಟೂ ನೀರನ್ನು ಅವನ ಎಡ ಬೂಟಿನ ಮೇಲೆ ಸುರಿದಳು.

"ಏನೇ ಇದು?"

"ಅವತ್ತು ಹಾಕ್ಬೇಕಾಗಿದ್ದ ನೀರು. ಸುಮ್ನೆ ನಿಂತ್ಕೋ."

ಆಮೇಲೆ ಬೆಂಚಿನಲ್ಲಿ ವಾಂಗೆಲ್ ಪಕ್ಕ ಕೂತು ಕೊನೆಯವರೆಗೂ ಆಟ ನೋಡಿದಳು. ತಂಡ ಸೋತಿತು.

ಮನೆಗೆ ನಡೆಯುವಾಗ ಅವನ ತೋಳು ಹಿಡಿದು ಕೇಳಿದಳು: "ನೋಯುತ್ತಾ?"

ಇಷ್ಟು ವರ್ಷ "ಇಲ್ಲ" ಎನ್ನುತ್ತಿದ್ದವನು "ಹೂಂ, ನೋಯುತ್ತೆ" ಎಂದ.

ವೆಲಿಕಾ ತನ್ನ ನಡಿಗೆಯನ್ನು ನಿಧಾನ ಮಾಡಿದಳು.